ನಮ್ಮ ವಕೀಲರ ಸನ್ನದು ಅಮಾನತಾಗಿತ್ತು, ನಮಗೇ ಗೊತ್ತಿರಲಿಲ್ಲ

ಶಿವಮೊಗ್ಗ ಜಿಲ್ಲೆಯ ಒಂದು ಮೂಲೆಯ ಹಳ್ಳಿ ನಮ್ಮದು. ತಾಲ್ಲೂಕಿನ ಹೆಸರು ಬರೆದರೆ ಆ ವಕೀಲರ ಹೆಸರು ಬರೆದ ಹಾಗೇ ಆಗುತ್ತದೆ, ಅದಕ್ಕೆ ಬಿಟ್ಟಿದ್ದೇನೆ. ಅಪ್ಪನ ಕಾಲದಿಂದ ಬಂದ ಸಂಬಂಧ ಅದು. ನಮ್ಮನೆಗೆ ಬಂದರೆ ಊಟ ಮಾಡದೆ ಹೋದವರಲ್ಲ.

ಹೋದ ಮಳೆಗಾಲ ತೋಟದಲ್ಲಿ ಔಷಧಿ ಹೊಡೆಸುತ್ತಿದ್ದೆ. ಅಡಿಕೆ ಮರ ಹತ್ತುವ ಕೊನೆಗೌಡ ಮೇಲೆ, ನಾನು ಕೆಳಗೆ ಬೋರ್ಡೋ ಔಷಧಿಯ ಡ್ರಮ್ಮಿನ ಹತ್ತಿರ. ಅಣ್ಣನ ಫೋನ್ ಬಂತು. ಕೋರ್ಟ್ ಎದುರಿನ ಕ್ಯಾಂಟೀನಲ್ಲಿ ಯಾರೋ ಹುಡುಗ ವಕೀಲರು ಹೇಳಿದರಂತೆ, "ಅವರ ಸನ್ನದು ಅಮಾನತಾಗಿ ವರ್ಷದ ಮೇಲಾಯ್ತಲ್ಲ ಮಾರಾಯ್ರೆ, ನಿಮಗೆ ಗೊತ್ತಿಲ್ವಾ?"

ಸನ್ನದು ಅಂದರೆ ವಕೀಲಿ ಮಾಡಲು ಇರುವ ಪರವಾನಗಿ. ಆ ಒಂದು ವರ್ಷದಲ್ಲಿ ನಮ್ಮ ನಾಲ್ಕು ಕೆಲಸ ಅವರ ಕೈಲಿದ್ದವು. ಪಕ್ಕದ 1 ಎಕರೆ ತೋಟದ ಕ್ರಯಪತ್ರ, ಅಮ್ಮನ ವಿಲ್, ಅಪ್ಪನ ಹೆಸರಲ್ಲಿದ್ದ ಜಮೀನಿನ ಪೌತಿ ಖಾತೆಗೆ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು) ಕೊಟ್ಟ ಅಫಿಡವಿಟ್, ಆಮೇಲೆ ತೋಟದ ದಾರಿ ಕೇಸು.

ನಾನು ಹೆದರಿದ್ದು ಕ್ರಯಪತ್ರಕ್ಕೆ. ಮೂರು ವರ್ಷದ ಅಡಿಕೆ ದುಡ್ಡು ಅದರಲ್ಲಿತ್ತು. ಎರಡು ರಾತ್ರಿ ನಿದ್ದೆ ಇಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಗೆ ನಾಲ್ಕು ದಿನ ಅಲೆದೆ. ಪೂರ್ತಿ ದಂಡ. ಹೊಸದಾಗಿ ಹಿಡಿದ ವಕೀಲರು ಪತ್ರ ನೋಡಿ ನಕ್ಕುಬಿಟ್ಟರು. "ಮಾರಿದವರು ತಾವೇ ಬಂದು ಸಹಿ ಹಾಕಿ, ಹೆಬ್ಬೆಟ್ಟು, ಫೋಟೋ ಕೊಟ್ಟಿದ್ದಾರೆ. ಸ್ಟ್ಯಾಂಪ್ ಡ್ಯೂಟಿ ಕಟ್ಟಿದ್ದೀರಿ. ನೋಂದಣಿ ಆಗಿದೆ. ಬರೆದವರು ಯಾರಾದರೇನು?" 1882ರ ಆಸ್ತಿ ವರ್ಗಾವಣೆ ಕಾಯ್ದೆ ನೂರು ರೂಪಾಯಿ ಮೇಲಿನ ಜಮೀನು ಮಾರಾಟಕ್ಕೆ ಕೇಳುವುದು ನೋಂದಣಿಯನ್ನು, ವಕೀಲರ ಸಹಿಯನ್ನಲ್ಲ. ಆದರೂ ಒಂದೊಂದೇ ಸಾಲು ಓದಿಸಿದೆ. ಪಶ್ಚಿಮದ ಚಕ್ಕುಬಂದಿಯನ್ನೇ, ಅಂದರೆ ಆ ಕಡೆಯ ಗಡಿಯನ್ನೇ, ತಪ್ಪು ಬರೆದಿದ್ದರು ಪುಣ್ಯಾತ್ಮರು! ಅದಕ್ಕೆ ತಿದ್ದುಪಡಿ ಪತ್ರ ಮಾಡಿಸಬೇಕಾಯಿತು. ಮಾರಿದವರು ಒಳ್ಳೆಯವರು, ಕರೆದ ಕೂಡಲೇ ಬಂದರು.

ವಿಲ್ ಕೂಡ ಹಾಗೇ. ಇಬ್ಬರು ಸಾಕ್ಷಿ ಸರಿಯಾಗಿ ಸಹಿ ಹಾಕಿದ್ದರೆ ಸಾಕು. ವಕೀಲರು ಬೇಕೆಂದಿಲ್ಲ, ನೋಂದಣಿ ಕೂಡ ಕಡ್ಡಾಯವಲ್ಲ. ಆದರೆ ನಮ್ಮ ವಿಲ್‌ಗೆ ಒಬ್ಬ ಸಾಕ್ಷಿ ಇದೇ ಅಮಾನತಾದ ವಕೀಲರು. ನಾಳೆ ಯಾರಾದರೂ ತಕರಾರು ತೆಗೆದರೆ ಸಾಕ್ಷಿ ಕೋರ್ಟಿಗೆ ಬಂದು ಹೇಳಬೇಕಲ್ಲ. ಇವರು ಬರುತ್ತಾರಾ, ಬಂದರೂ ನಂಬುತ್ತಾರಾ? ಅಮ್ಮ ಗಟ್ಟಿಯಾಗಿದ್ದಾರೆ, ಇನ್ನೊಂದು ಬರೆಸಿದೆವು.

ಅಫಿಡವಿಟ್‌ಗೆ ಮಾತ್ರ ನಿಜವಾಗಿ ಪೆಟ್ಟು ಬಿತ್ತು. ಅವರು ನೋಟರಿಯೂ ಆಗಿದ್ದರು. ನೋಟರಿಗೆ ಸರ್ಕಾರ ಕೊಡುವ ಪ್ರಮಾಣಪತ್ರ 5 ವರ್ಷದ್ದು, ಆಮೇಲೆ ನವೀಕರಿಸಬೇಕು. ಎಂದಿನವರೆಗೆ ಅಂತ ಅವರ ಸೀಲಿನಲ್ಲೇ ಇತ್ತು. ನಮ್ಮ ಕಾಗದದ ಮೇಲೆ ಒತ್ತಿದ ದಿನಕ್ಕೆ ಆ ತಾರೀಖು ಮುಗಿದು ನಾಲ್ಕು ತಿಂಗಳಾಗಿತ್ತು. ಸೀಲು ಕಂಡರೆ ಸಾಕು ಅಂದುಕೊಂಡಿದ್ದೆವು, ಓದಿದವರು ಯಾರು? ಬೇರೆ ನೋಟರಿ ಹತ್ತಿರ ಹೊಸದಾಗಿ ಮಾಡಿಸಿ, ನಾಡಕಚೇರಿಗೆ ಮೂರು ಸಲ ಓಡಾಡಿದೆ.

ಈಗ ದಾರಿ ಕೇಸು. ನಾನು ಮರೆತೇ ಬಿಟ್ಟಿದ್ದ ಕಾಗದ ಇದು, ಹಾಳಾಗಿದ್ದೂ ಇದೇ.

ದಾವಾ ಹಾಕಿದ್ದು ಅಮಾನತಿಗೆ ಮೊದಲು. ಆಮೇಲೆ ಪ್ರತಿ ಸಲ ಫೋನ್ ಮಾಡಿದಾಗಲೂ ಒಂದೇ ಮಾತು: "ತಾರೀಖು ಮುಂದೆ ಹೋಗಿದೆ ತಮ್ಮ, ನೀನು ಬರೋದು ಬೇಡ, ಸುಮ್ನೆ ಬಸ್ ಚಾರ್ಜ್ ಯಾಕೆ?" ಬಸ್ ಚಾರ್ಜ್ ಉಳಿಸಿ ಎರಡು ಮೂರು ಸಾವಿರ ಫೋನಲ್ಲೇ ಕಳಿಸುತ್ತಿದ್ದೆ. ಅಲ್ಲಿ ನೋಡಿದರೆ ನಮ್ಮ ಪರ ಯಾರೂ ನಿಂತಿಲ್ಲ. ವಾದಿ ಗೈರು ಅಂತ ದಾವಾ ವಜಾ ಆಗಿ ಐದು ತಿಂಗಳು! ಹಾಗೆ ವಜಾ ಆದರೆ ಅದೇ ಕಾರಣಕ್ಕೆ ಹೊಸ ದಾವಾ ಹಾಕುವ ಹಾಗಿಲ್ಲ. ಹಳೆಯದನ್ನೇ ಮತ್ತೆ ತೆಗೆದುಕೊಳ್ಳಿ ಅಂತ 30 ದಿನದೊಳಗೆ ಅರ್ಜಿ ಕೊಡಬೇಕು.

ತಡ ಮನ್ನಿಸಿ ಅಂತ ಅರ್ಜಿ ಹಾಕಿದೆವು. ಅಮಾನತಿನ ಆದೇಶದ ನಕಲು, ನಾನು ದುಡ್ಡು ಕಳಿಸಿದ ಲೆಕ್ಕ ಎರಡನ್ನೂ ಇಟ್ಟೆವು. 1961ರ ವಕೀಲರ ಕಾಯ್ದೆ ಪ್ರಕಾರ ಅಮಾನತಾದವರು ಆ ಅವಧಿಯಲ್ಲಿ ದೇಶದ ಯಾವ ಕೋರ್ಟಲ್ಲೂ ವಕಾಲತ್ತು ನಡೆಸುವ ಹಾಗಿಲ್ಲ. ಹಕ್ಕಿಲ್ಲದೆ ನಡೆಸಿದರೆ 6 ತಿಂಗಳವರೆಗೆ ಜೈಲು. ಆದರೆ ನ್ಯಾಯಾಧೀಶರು ಕೇಳಿದ್ದು ನನ್ನನ್ನು: "ಒಂದು ಸಲವೂ ಕೇಸಿನ ಸ್ಥಿತಿ ನೋಡಲಿಲ್ಲವಾ?" ತಲೆ ತಗ್ಗಿಸಿ ನಿಂತೆ. ನನ್ನ ಮೇಲೆ ₹3,000 ಖರ್ಚು ಹಾಕಿ ದಾವಾವನ್ನು ಮತ್ತೆ ವಿಚಾರಣೆಗೆ ತೆಗೆದುಕೊಂಡರು. ಅಮಾನತಾದ ಮೇಲೆ ಅವರು ಸಹಿ ಮಾಡಿ ಕೊಟ್ಟಿದ್ದ ಒಂದು ಅರ್ಜಿಯನ್ನು ಹೊಸ ವಕಾಲತ್ತಿನೊಂದಿಗೆ (ನಮ್ಮ ಪರ ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರ) ಮತ್ತೆ ಕೊಟ್ಟೆವು. ವಕಾಲತ್ತಿನ ದೋಷ ಸರಿಪಡಿಸಬಹುದಾದದ್ದು ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಉದಯ ಶಂಕರ್ ತ್ರಿಯಾರ್ ಪ್ರಕರಣದಲ್ಲಿ ಹೇಳಿದೆಯಂತೆ. ನಮ್ಮ ಹೊಸ ವಕೀಲರು ಹಿಡಿದದ್ದು ಅದನ್ನೇ. ಮೂಲ ದಾವಾ ಪತ್ರಕ್ಕೆ ನನ್ನದೂ ಸಹಿ ಇತ್ತು, ಅದಕ್ಕೇನೂ ಆಗಲಿಲ್ಲ.

ನಿಮ್ಮ ಕೇಸಿನ 16 ಅಕ್ಷರದ ಸಿಎನ್‌ಆರ್ ನಂಬರ್, ಅಂದರೆ ಕೇಸಿನ ಗುರುತಿನ ಸಂಖ್ಯೆ, ಇವತ್ತೇ ಕೇಳಿ ಇಟ್ಟುಕೊಳ್ಳಿ. ಇ-ಕೋರ್ಟ್ಸ್ ಆಪ್‌ನಲ್ಲಿ ಹಾಕಿದರೆ ಮುಂದಿನ ತಾರೀಖು, ಹಿಂದೆ ಆಗಿದ್ದು ಎಲ್ಲ ಕಾಣುತ್ತದೆ, ದುಡ್ಡಿಲ್ಲ. ನಮ್ಮೂರಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ಮೇಲೆ ಮಾತ್ರ, ಆದರೂ ಹತ್ತಿ ನೋಡುತ್ತೇನೆ ಈಗ. ವಕೀಲರ ನೋಂದಣಿ ಸಂಖ್ಯೆ ಕೇಳಲು ನಾಚಿಕೆ ಬೇಡ. ಅನುಮಾನ ಬಂದರೆ ಆ ಸಂಖ್ಯೆ ಹಾಕಿ ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತಿಗೆ ಪತ್ರ ಬರೆಯಿರಿ. ಅಮಾನತು ಮಾಡುವುದು, ಪಟ್ಟಿಯಿಂದ ಹೆಸರು ತೆಗೆಯುವುದು ಎರಡೂ ಅಲ್ಲಿಯ ಶಿಸ್ತು ಸಮಿತಿಯ ಕೈಲಿವೆ. ನಾವೂ ಅಲ್ಲಿಗೆ ದೂರು ಕೊಟ್ಟಿದ್ದೇವೆ. ಅಮ್ಮನಿಗೆ ಮಾತ್ರ ಅದು ಇಷ್ಟವಾಗಲಿಲ್ಲ, "ಉಂಡು ಹೋದವರ ಮೇಲೆ ದೂರಾ?" ಅಂದರು.

ದುಡ್ಡು ವಾಪಸ್ ಬಂದಿಲ್ಲ. ದಾರಿ ಕೇಸಿನ ಮುಂದಿನ ತಾರೀಖು ಸರಿಯಾಗಿ ಕೊಯ್ಲಿನ ಮಧ್ಯೆ ಬಿದ್ದಿದೆ. ಕೊನೆಗೌಡನಿಗೆ ಆ ದಿನ ಬೇಡ ಅಂದಿದ್ದೇನೆ, ಬೆಳಗಿನ ಮೊದಲ ಬಸ್ಸಿಗೆ ಹೊರಡಬೇಕು.