ಫಾಂಡ್ಯೂ ಊಟಕ್ಕೆ ಒಪ್ಪುವ ವೈನ್: ಒಂದು ಹೋಲಿಕೆ

ವೈನಿನೊಂದಿಗೆ ಕರಗಿಸಿದ ಚೀಸಿನಲ್ಲಿ ಬ್ರೆಡ್ ತುಂಡು ಅದ್ದಿ ತಿನ್ನುವ ಫಾಂಡ್ಯೂ ಊಟಕ್ಕೆ ವೈನ್ ಆರಿಸುವಾಗ ಮೊದಲ ಗುಟುಕನ್ನು ನಂಬಬಾರದು. ಪಾತ್ರೆ ಅರ್ಧ ಬರಿದಾಗಿ ನಾಲಗೆಗೆ ಜಿಡ್ಡು ಹತ್ತಿದ ಮೇಲೆ ಅದೇ ವೈನ್ ಹೇಗೆ ರುಚಿಸುತ್ತದೆ ಎಂಬುದೇ ನಿಜವಾದ ಪರೀಕ್ಷೆ. ಗ್ರೂಯೇರ್ ಮತ್ತು ವಾಷ್ರಾಂ ಫ್ರಿಬೂರ್ಜ್ವಾ ಚೀಸ್‌ಗಳನ್ನು ಸಮಪಾಲಿನಲ್ಲಿ ಬೆರೆಸುವ ಸ್ವಿಸ್ ಫಾಂಡ್ಯೂವನ್ನೇ ಪ್ರತಿ ಸಲವೂ ಮಾಡಿಕೊಂಡು, ಬೇರೆ ಬೇರೆ ವೈನ್‌ಗಳನ್ನು ಅದರೊಂದಿಗೆ ಕುಡಿದು ನೋಡಿದ್ದೇನೆ.

ಸ್ವಿಟ್ಜರ್ಲೆಂಡಿನ ರೂಢಿಯ ಆಯ್ಕೆಯೆಂದರೆ ವಾಲೇ ಪ್ರಾಂತ್ಯದಲ್ಲಿ ಶಾಸ್ಲಾ ದ್ರಾಕ್ಷಿಯಿಂದ ತಯಾರಾಗುವ ಫಾಂದಾಂ. ಅದರ ಪರಿಮಳ ಹಗುರ, ಹುಳಿ ಮೃದು. ಚೀಸಿನ ರುಚಿಯನ್ನು ಅದು ಎಲ್ಲಿಯೂ ಮುಚ್ಚುವುದಿಲ್ಲ. ಆದರೆ ಬೆಳ್ಳುಳ್ಳಿಯೂ ಕಿರ್ಷ್ ಮದ್ಯವೂ ಸೇರಿದ ದಟ್ಟ ಫಾಂಡ್ಯೂವಿನ ಮುಂದೆ, ಊಟದ ನಡುವಿನ ಹೊತ್ತಿಗೆ ಅದು ಸೋಲತೊಡಗುತ್ತದೆ.

ಫ್ರಾನ್ಸಿನ ಸವೋಯ್ ಪ್ರದೇಶದಲ್ಲಿ ಜಾಕೇರ್ ದ್ರಾಕ್ಷಿಯಿಂದ ಮಾಡುವ ಆಪ್ರಮೋಂ ನನ್ನ ಮೆಚ್ಚಿನದು. ಮದ್ಯಾಂಶ ಕಡಿಮೆ, ಹುಳಿ ಚುರುಕು. ಪ್ರತಿ ಗುಟುಕೂ ಬಾಯಿಯ ಜಿಡ್ಡನ್ನು ತೊಳೆದು ಮುಂದಿನ ತುತ್ತಿಗೆ ಹಸಿವು ಉಳಿಸುತ್ತದೆ. ಈ ಹುಳಿಗೆ ಒಲೆಯ ಮೇಲೂ ಕೆಲಸವಿದೆ: ವೈನಿನಲ್ಲಿರುವ ಟಾರ್ಟಾರಿಕ್ ಆಮ್ಲವು ಚೀಸಿನ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದರಿಂದ, ಕೇಸಿನ್ ಪ್ರೋಟೀನು ಗಂಟುಕಟ್ಟದೆ, ಕೊಬ್ಬು ಬೇರೆಯಾಗದೆ ಮಿಶ್ರಣ ನಯವಾಗುತ್ತದೆ. ಹೀಗಾಗಿ ಪಾತ್ರೆಗೂ ಲೋಟಕ್ಕೂ ಒಂದೇ ಬಾಟಲಿ ಸಾಲುತ್ತದೆ. ಫಾಂದಾಂ ಬಳಸಿದಾಗ ನಾನು ಒಂದಿಷ್ಟು ನಿಂಬೆರಸ ಹಿಂಡುತ್ತೇನೆ. ಎರಡನ್ನೂ 8ರಿಂದ 10 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಿ ಬಡಿಸುವುದು ಒಳ್ಳೆಯದು.

ಓಕ್ ಪೀಪಾಯಿಯಲ್ಲಿ ಮಾಗಿದ ಶಾರ್ಡೊನೆ ಈ ಊಟಕ್ಕೆ ಬೇಡ. ಬೆಣ್ಣೆಯಂಥ ಚೀಸಿನ ಮೇಲೆ ಬೆಣ್ಣೆಯಂಥ ವೈನ್ ಹೊರೆಯಾಗುತ್ತದೆ. ಕೆಂಪು ವೈನ್‌ಗಳಲ್ಲಿ ಕ್ಯಾಬರ್ನೆ ಸೋವಿನ್ಯೋಂ ನನಗೆ ಸ್ವಲ್ಪವೂ ಹಿಡಿಸಲಿಲ್ಲ: ಉಪ್ಪಾದ ಚೀಸಿನೊಂದಿಗೆ ಅದರ ಟ್ಯಾನಿನ್‌ನ ಒಗರು ಕಹಿಗೆ ತಿರುಗುತ್ತದೆ. ಕೆಂಪೇ ಬೇಕೆನ್ನುವವರಿಗೆ ಒಗರು ಕಡಿಮೆಯಿರುವ ಗಾಮೇಯನ್ನು ತುಸು ತಂಪಾಗಿಸಿ ಕೊಡಬಹುದು.

ಇವೆಲ್ಲಕ್ಕಿಂತ ಬೇರೆ ಜಾತಿಯದು ಫ್ರಾನ್ಸಿನ ಜೂರಾ ಪ್ರದೇಶದ ವ್ಯಾಂ ಜೋನ್. ಸವಾನ್ಯಾಂ ದ್ರಾಕ್ಷಿಯ ಈ ವೈನ್, ಆವಿಯಾಗಿ ತೆರವಾದ ಜಾಗವನ್ನು ಮತ್ತೆ ತುಂಬಿಸದ ಪೀಪಾಯಿಯಲ್ಲಿ, ಯೀಸ್ಟಿನ ತೆಳುಪೊರೆಯ ಕೆಳಗೆ 6 ವರ್ಷಕ್ಕೂ ಹೆಚ್ಚು ಕಾಲ ಮಾಗಿ, ಆಕ್ರೋಟಿನ ಘಾಟು ಪಡೆಯುತ್ತದೆ. ಹಳೆಯ ಗ್ರೂಯೇರಿನ ರುಚಿಗೆ ಅದು ಅದ್ಭುತವಾಗಿ ಹೊಂದುತ್ತದೆಯಾದರೂ ಊಟದುದ್ದಕ್ಕೂ ಕುಡಿಯಲು ತೀರಾ ಗಡುಸು. ಆದುದರಿಂದ ಮೊದಲಿನಿಂದ ಆಪ್ರಮೋಂ ಬಡಿಸಿ, ಪಾತ್ರೆಯ ತಳದಲ್ಲಿ ಕಂದುಗಟ್ಟಿದ ಗರಿಗರಿ ಚೀಸನ್ನು ಕೆರೆದು ಹಂಚುವಾಗ ಮಾತ್ರ ಚಿಕ್ಕ ಲೋಟಗಳಲ್ಲಿ ಇದನ್ನು ಕೊಡುತ್ತೇನೆ.