ಒಂದೇ ಮರಿ, ಎರಡು ನೀರು: ಊರ ಕೆರೆ ಮತ್ತು ಕೃಷಿ ಹೊಂಡ

ಒಂದೇ ಕಡೆಯಿಂದ ತಂದ ಕಾಟ್ಲಾ, ರೋಹು, ಮೃಗಾಲ್ ಮೀನಿನ ಮರಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ನಾವು ಕೆಲವರು ಸೇರಿ ಗುತ್ತಿಗೆ ಹಿಡಿದಿದ್ದ ಊರ ಕೆರೆಗೆ, ಇನ್ನೊಂದನ್ನು ನನ್ನ ತೋಟದ ಕೃಷಿ ಹೊಂಡಕ್ಕೆ ಬಿಟ್ಟೆ. ಹೊಂಡ 21 ಮೀಟರ್ ಉದ್ದ, ಅಷ್ಟೇ ಅಗಲ, ತಳಕ್ಕೆ ಪ್ಲಾಸ್ಟಿಕ್ ಹಾಸು. ಕೆರೆಗೆ ಒಂದು ಹಿಡಿ ತೌಡನ್ನೂ ಹಾಕಲಿಲ್ಲ. ಹೊಂಡಕ್ಕೆ ಮಾತ್ರ ದಿನಾ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮಸಮ ಕಲಸಿ, ತೂತು ಮಾಡಿದ ಚೀಲಕ್ಕೆ ತುಂಬಿ ಇಳಿಬಿಡುತ್ತಿದ್ದೆ. ಹಾಗಾದ್ರೆ ಹೊಂಡದ ಮೀನೇ ದಪ್ಪ ಆಗಬೇಕು, ಅಲ್ವಾ?

ಕಾಟ್ಲಾದಲ್ಲಿ ಕೆರೆಯೇ ಗೆದ್ದಿತು. ವರ್ಷ ತುಂಬುವ ಹೊತ್ತಿಗೆ ಕೆರೆಯದು ಕೆಜಿ ದಾಟಿತ್ತು, ಹೊಂಡದ್ದು ಅದರ ಅರ್ಧ. ಕಾಟ್ಲಾ ಮೇಲ್ನೀರಿನ ಮೀನು, ಬಾಯಿಯೂ ಮೇಲಕ್ಕೇ ತಿರುಗಿದೆ. ನೀರಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳೇ, ಅಂದರೆ ಪ್ಲಾಂಕ್ಟನ್ನೇ, ಅದರ ಊಟ. ಮಳೆ ಬಂದಾಗ ದನ ಮೇಯುವ ಬಯಲಿನ ಸಗಣಿಯೆಲ್ಲ ತೊಳೆದು ನಮ್ಮ ಕೆರೆಗೇ ಬರುತ್ತದೆ, ಅದರಿಂದ ನೀರು ಹಸಿರಾಗುತ್ತದೆ, ಆ ಹಸಿರನ್ನು ತಿಂದು ಹುಳ ಹೆಚ್ಚುತ್ತವೆ, ಹುಳ ತಿಂದು ಕಾಟ್ಲಾ ಬೆಳೆಯುತ್ತದೆ. ಮೊಣಕೈವರೆಗೆ ಕೈ ಇಳಿಸಿದರೆ ಕೆರೆಯಲ್ಲಿ ಅಂಗೈ ಕಾಣುತ್ತಿರಲಿಲ್ಲ. ಹೊಂಡದಲ್ಲಿ ಉಗುರಿನ ಕೊಳೆಯೂ ಕಾಣುತ್ತಿತ್ತು. ನೋಡೋಕೆ ಚೆಂದ, ಕಾಟ್ಲಾಗೆ ಉಪವಾಸ.

ಆದರೆ ಕೆರೆಯ ಲೆಕ್ಕದಲ್ಲಿ ಒಂದು ಮೋಸವಿದೆ. ಅಲ್ಲಿ ಕೊರವ ಮೀನು, ನೀರುಕಾಗೆ ಸೇರಿ ಅರ್ಧಕ್ಕರ್ಧ ಮರಿ ತಿಂದು ಹಾಕಿದ್ದವು ಅನ್ನಿಸುತ್ತದೆ, ಬಲೆಗೆ ಬಿದ್ದದ್ದು ಅಷ್ಟು ಕಡಿಮೆ. ಉಳಿದವಕ್ಕೆ ಜಾಗ, ಊಟ ಎರಡೂ ಜಾಸ್ತಿ ಸಿಕ್ಕಿತು. ಒಂದೊಂದು ಮೀನು ತೂಗಿದರೆ ಕೆರೆ ಮೇಲು, ಬಿಟ್ಟ ಮರಿಯ ಲೆಕ್ಕಕ್ಕೆ ಒಟ್ಟು ತೂಗಿದರೆ ಹೊಂಡ ಮೇಲು. ಜೊತೆಗೆ ಕೆರೆಯಲ್ಲಿ ಜಿಲೇಬಿ ಮೀನಿನ ಕಾಟ. ಅದು ಸುಮ್ನೆ ಮರಿ ಹಾಕುತ್ತಲೇ ಇರುತ್ತದೆ, ಗುಂಪು ಹೆಚ್ಚಾಗಿ ಊಟ ಸಾಲದೆ ತಾನೂ ಅಂಗೈ ಗಾತ್ರಕ್ಕೇ ನಿಲ್ಲುತ್ತದೆ, ಬೇರೆಯವುಗಳ ಪಾಲನ್ನೂ ತಿನ್ನುತ್ತದೆ.

ರೋಹುವಿನಲ್ಲಿ ಹೊಂಡಕ್ಕೇ ನನ್ನ ಮತ. ನಡುನೀರಿನ ಮೀನು, ಚೀಲಕ್ಕೆ ಬಾಯಿ ಹಾಕೋದು ಬೇಗ ಕಲಿತುಬಿಡುತ್ತದೆ. ಮೃಗಾಲ್ ಮಾತ್ರ ಹೊಂಡದಲ್ಲಿ ಸೊರಗಿತು. ಅದು ತಳದ ಕೆಸರಲ್ಲಿ ಕೊಳೆತದ್ದನ್ನು ಹೆಕ್ಕಿ ತಿನ್ನುವ ಜಾತಿ, ಪ್ಲಾಸ್ಟಿಕ್ ಹಾಸಿನ ಮೇಲೆ ಕೆಸರೆಲ್ಲಿಂದ ಬರಬೇಕು?

ಸೊರಗಿದೆ ಅಂತ ಹಿಂಡಿ ಸುರಿಯಬೇಡಿ. ಮಿಕ್ಕದ್ದು ಕೊಳೆತು ಆಮ್ಲಜನಕ ತಿನ್ನುತ್ತದೆ, ಮೋಡ ಕವಿದ ದಿನದ ಮಾರನೇ ಬೆಳಗ್ಗೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತವೆ. ಆವತ್ತು ಮೇವು ಬಂದ್, ಮೋಟರ್ ಹಾಕಿ ನೀರು ಚಿಮ್ಮಿಸಬೇಕು.

ಈ ಸಲ ಮೃಗಾಲ್ ಎಲ್ಲ ಕೆರೆಗೆ, ಅದೂ ಬೆರಳುದ್ದಕ್ಕಿಂತ ದೊಡ್ಡ ಮರಿ. ಹೊಂಡಕ್ಕೆ ರೋಹು, ಜೊತೆಗೆ ನಾಲ್ಕು ಹುಲ್ಲುಗೆಂಡೆ, ದನಕ್ಕೆ ಕೊಯ್ಯುವ ಹುಲ್ಲಲ್ಲೇ ಅವಕ್ಕೂ ಆಗುತ್ತದೆ. ಹೊಂಡದಲ್ಲೂ ಕಾಟ್ಲಾ ಬೇಕೇ ಬೇಕು ಅನ್ನುವವರು ಸಗಣಿ ಚೀಲವನ್ನು ಮೂಲೆಯಲ್ಲಿ ಮುಳುಗಿಸಿ, ನೀರು ಹಸಿರಾದ ಮೇಲೇ ಮರಿ ಬಿಡಿ.