ಪೂರ್ತಿ ಮನೆಯಿಂದ ಕೆಲಸವೋ, ಮಂಗಳೂರಿನ ಆಫೀಸೋ?

ಕುಂಬಳೆಯಲ್ಲಿರುವ ನನ್ನ ತಂಗಿಗೆ ಮಂಗಳೂರಿನ ಕೆಲಸ ಸಿಕ್ಕಿದೆ. ಪೂರ್ತಿ ಮನೆಯಿಂದ ಮಾಡಬಹುದು, ಇಲ್ಲವೇ ವಾರಕ್ಕೆ 3 ದಿನ ರೈಲು ಹತ್ತಿ ಹೋಗಬಹುದು. ಯಾವುದು ಒಳ್ಳೆಯದು ಎಂದು ಕೇಳಿದಳು.

ಮನೆಯೆಂದರೆ ಓಡಾಟದ ದಣಿವಿಲ್ಲ. ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್ ಸೆಂಟರ್‌ನಲ್ಲಿ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಅವರ ತಂಡ 9 ತಿಂಗಳು ಇದನ್ನು ಪರೀಕ್ಷಿಸಿತು. ವಾರಕ್ಕೆ 4 ದಿನ ಮನೆಯಲ್ಲೇ ದುಡಿದವರ ಕೆಲಸ ಶೇ. 13 ಜಾಸ್ತಿಯಾಯಿತು. ಆದರೆ ಕೊನೆಗೆ ಆಯ್ಕೆ ಕೊಟ್ಟಾಗ ಅವರಲ್ಲಿ ಸುಮಾರು ಅರ್ಧ ಜನ ಆಫೀಸಿಗೇ ಮರಳಿದರು. ಒಂಟಿತನ ದೊಡ್ಡ ಕಾರಣ. ಈ ಮಾತು ನನಗೆ ತಟ್ಟಿತು. ಜಡಿಮಳೆಯಲ್ಲಿ, ಕರೆಂಟು ಹೋದ ಮನೆಯಲ್ಲಿ ದಿನವಿಡೀ ಒಬ್ಬಳೇ ಕೂರುವುದು ಸುಲಭವಲ್ಲ, ಅಲ್ವಾ?

ಎರಡೂ ಬೆರೆತ ಕ್ರಮದ ಫಲಿತಾಂಶ 2024ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಅದೇ ಕಂಪನಿ, 1,612 ಜನ, ವಾರಕ್ಕೆ 2 ದಿನ ಮನೆ. ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದು ಭಾಗ ಇಳಿಯಿತು. ಬಡ್ತಿಗೆ ಪೆಟ್ಟು ಬೀಳಲಿಲ್ಲ. ಹೆಂಗಸರಿಗೆ, ದೂರದಿಂದ ಬರುವವರಿಗೆ ಇದು ಹೆಚ್ಚು ನೆರವಾಯಿತು.

ಅವಳಿಗೆ ಎರಡನೆಯದನ್ನೇ ಹೇಳಿದೆ. ಮನೆಯಲ್ಲಿ ಹಸುಗೂಸೋ, ಹಾಸಿಗೆ ಹಿಡಿದ ಹಿರಿಯರೋ ಇದ್ದರೆ ಮಾತು ಬೇರೆ. ಆಗ ಮನೆಯೇ ಸರಿ, ಆದರೆ ಸಂಜೆ ಲೈಬ್ರರಿಗೋ ಯಕ್ಷಗಾನದ ತರಗತಿಗೋ ಹೊರಟುಬಿಡಬೇಕು.